ಮಾಸಿನ ಮಾತ್ರೆ ಬಾಣಂತಿಗೆ ಬೇಕೇ?

ಪ್ರಶ್ನೆ: ಮಗಳು ಅಮೆರಿಕದ ಒರೆಗಾನ್‌ನಲ್ಲಿದ್ದಾಳೆ. ಬರುವ ತಿಂಗಳು ಹೆರಿಗೆ, ಬಾಣಂತನಕ್ಕೆ ನಾನು ಹೊರಟಿದ್ದೇನೆ. ಅಲ್ಲಿ ಕೆಲವರು ಹೆರಿಗೆಯಾದ ಮೇಲೆ ತಮ್ಮದೇ ಮಾಸನ್ನು (ಪ್ಲಾಸೆಂಟಾ) ಒಣಗಿಸಿ, ಪುಡಿ ಮಾಡಿಸಿ ಕ್ಯಾಪ್ಸೂಲಿನಲ್ಲಿ ನುಂಗುತ್ತಾರಂತೆ. ರಕ್ತ ಕೂಡುತ್ತದೆ, ಹಾಲು ಹೆಚ್ಚುತ್ತದೆ, ಮನಸ್ಸು ಕುಗ್ಗುವುದಿಲ್ಲ ಅಂತ ಇವಳೂ ಮಾಡಿಸಿಕೊಳ್ಳಲು ಹೊರಟಿದ್ದಾಳೆ. ನನಗೆ ಕೇಳಿಯೇ ಒಂಥರಾ ಆಯಿತು. ಸುಮ್ಮನೆ ಬೇಡ ಅಂದರೆ ಕೇಳುವವಳಲ್ಲ. ಏನು ಹೇಳಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ಬೇಡ ಎಂದೇ ಹೇಳಿ, ಕಾರಣ ಕೊಟ್ಟು ಹೇಳಿ. ಮೊದಲ ಕಾರಣ ಅವಳಿರುವ ಊರಿನದೇ. ಒರೆಗಾನ್‌ನಲ್ಲಿ 2016ರಲ್ಲಿ ಹುಟ್ಟಿದ ಮಗುವೊಂದಕ್ಕೆ ಸ್ವಲ್ಪ ಹೊತ್ತಿನಲ್ಲೇ ಉಸಿರಾಟದ ತೊಂದರೆ ಕಾಣಿಸಿತು. ರಕ್ತದಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಕೀಟಾಣು ಸಿಕ್ಕಿತು. ಹನ್ನೊಂದು ದಿನ ಆಂಟಿಬಯಾಟಿಕ್ ಕೊಟ್ಟು ಮನೆಗೆ ಕಳಿಸಿದರು. ಐದೇ ದಿನಕ್ಕೆ ಅದೇ ಕೀಟಾಣು ಮತ್ತೆ ಬಂತು. ಎದೆಹಾಲನ್ನು ಪರೀಕ್ಷಿಸಿದರೆ ಅದರಲ್ಲಿ ಏನೂ ಇರಲಿಲ್ಲ. ತಾಯಿ ಮಾತ್ರ ಮಾಸಿನ ಕ್ಯಾಪ್ಸೂಲನ್ನು ದಿನಕ್ಕೆ ಮೂರು ಹೊತ್ತು ಎರಡೆರಡರಂತೆ ತೆಗೆದುಕೊಳ್ಳುತ್ತಿದ್ದರು. ಆ ಪುಡಿಯಲ್ಲಿ ಅದೇ ಕೀಟಾಣು ಸಿಕ್ಕಿತು. ಸೋಂಕು ಮನೆಯ ಬೇರೆಯವರಿಂದ ಬಂದಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲು ಆಗಲಿಲ್ಲ. ಆದರೂ 2017ರ ಜೂನ್‌ನಲ್ಲಿ ಈ ಪ್ರಕರಣವನ್ನು ಪ್ರಕಟಿಸಿದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಇಂಥ ಕ್ಯಾಪ್ಸೂಲ್ ಬೇಡ ಎಂದೇ ಹೇಳಿತು.

ತಪ್ಪುವುದು ಒಣಗಿಸುವ ಹಂತದಲ್ಲಿ. ಮಾಸನ್ನು ತೊಳೆದು, ತೆಳುವಾಗಿ ಹೆಚ್ಚಿ, ಡಿಹೈಡ್ರೇಟರ್‌ನಲ್ಲಿ 46ರಿಂದ 71 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲಿಗೆ ತುಂಬುತ್ತಾರೆ. ಮಾಂಸದಲ್ಲಿರುವ ಸಾಲ್ಮೊನೆಲ್ಲಾ ಎಂಬ ಕೀಟಾಣು ತಗ್ಗಬೇಕಾದರೆ 54 ಡಿಗ್ರಿಯ ಬಿಸಿ 121 ನಿಮಿಷ ನಿಲ್ಲಬೇಕು. ಹಪ್ಪಳ ಒಣಗಿದ ಹಾಗೆ ಗರಿಗರಿಯಾದ ಮಾತ್ರಕ್ಕೆ ಕೀಟಾಣು ಸತ್ತಿರುವುದಿಲ್ಲ. ಇದು ಔಷಧಿ ಕಾರ್ಖಾನೆಯಲ್ಲಿ ತಯಾರಾಗುವುದೂ ಅಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದೆಲ್ಲ ಮಾಡುವವರ ಇಷ್ಟ. ಹೆರಿಗೆಯಲ್ಲಿ ಜ್ವರ ಬಂದಿದ್ದರೆ, ನೀರು ಒಡೆದು ಬಹಳ ಹೊತ್ತಾಗಿದ್ದರೆ, ಮಗು ಒಳಗೇ ಮಲ ಮಾಡಿದ್ದರೆ ಮಾಸಿನಲ್ಲಿ ಕೀಟಾಣು ಇರುವ ಸಾಧ್ಯತೆ ಇನ್ನೂ ಹೆಚ್ಚು.

ಇಷ್ಟು ಅಪಾಯಕ್ಕೆ ಸಿಗುವುದೇನು? ಮಗಳು ಹೇಳಿದ ಮೂರನ್ನೂ ನೋಡೋಣ.

ರಕ್ತ: ದಿನಕ್ಕೆ 3.3 ಗ್ರಾಂ ಮಾಸಿನ ಪುಡಿ ನುಂಗಿದರೆ ಸಿಗುವ ಕಬ್ಬಿಣ ಸುಮಾರು 2 ಮಿಲಿಗ್ರಾಂ. ನಮ್ಮ ಆಶಾ ಕಾರ್ಯಕರ್ತೆ ಪುಕ್ಕಟೆ ಕೊಡುವ ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ. ನೆವಾಡ ವಿಶ್ವವಿದ್ಯಾಲಯದ ಲಾಸ್ ವೇಗಸ್‌ನವರು 23 ಬಾಣಂತಿಯರಲ್ಲಿ ಕೆಲವರಿಗೆ ಮಾಸಿನ ಪುಡಿ, ಉಳಿದವರಿಗೆ ದನದ ಮಾಂಸದ ಪುಡಿ ಕೊಟ್ಟು ನೋಡಿದರು. ಕಬ್ಬಿಣಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ವೈದ್ಯರಿಂದ ಹಿಮೋಗ್ಲೋಬಿನ್ ನೋಡಿಸಿ, ಅವರು ಬರೆದ ಕಬ್ಬಿಣದ ಮಾತ್ರೆ ಕೊಡಿ. ಊಟವಾದ ಒಂದು ಗಂಟೆಗೆ ನಿಂಬೆ ಪಾನಕದ ಜತೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಚಹಾ, ಹಾಲಿನ ಜತೆ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾದರೆ ಗಾಬರಿ ಬೇಡ.

ಹಾಲು: ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನ್ ಸರ್ರನೆ ಇಳಿಯುತ್ತದೆ. ಆ ಇಳಿತವೇ ಎರಡನೆಯ ಮೂರನೆಯ ದಿನ ಎದೆ ತುಂಬಿ ಬರಲು ಕಾರಣ. ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದರೆ ಹಾಲು ಬರುವುದೇ ತಡವಾಗುತ್ತದೆ. ಹೊರಗೆ ಹೋಗಬೇಕಾದ್ದನ್ನೇ ಮತ್ತೆ ಒಳಗೆ ಹಾಕಿಕೊಂಡು ಹಾಲು ಹೆಚ್ಚಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕುವುದು, ಆಮೇಲೆ ದಿನಕ್ಕೆ 8ರಿಂದ 12 ಸಲ ಕುಡಿಸುವುದು, ಬಾಯಿಯಲ್ಲಿ ಬರೀ ತೊಟ್ಟಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಹೋಗುವಂತೆ ಹಿಡಿಯುವುದು: ಹಾಲು ಹೆಚ್ಚುವುದು ಇದರಿಂದ. ಐದು ದಿನ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದುಕೊಳ್ಳಿ. ನಿಮಗೂ ಒಂದು ಮಾತು: ಬಾಣಂತಿಗೆ ನೀರು ಕೊಡಬಾರದು ಎಂಬ ಪಥ್ಯವನ್ನು ಮೈಸೂರಲ್ಲೇ ಬಿಟ್ಟು ಹೋಗಿ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸಾರು, ರಾಗಿ, ಅಂಟಿನುಂಡೆ ಧಾರಾಳವಾಗಿ ಮಾಡಿಕೊಡಿ.

ಮನಸ್ಸು: ಲಾಸ್ ವೇಗಸ್‌ನ ಅದೇ ತಂಡ 27 ಹೆಂಗಸರಲ್ಲಿ ಇದನ್ನೂ ನೋಡಿತು. ಬೇಸರ, ಆಯಾಸಗಳಲ್ಲಿ ಗಟ್ಟಿಯಾದ ಫರಕು ಸಿಗಲಿಲ್ಲ. ಮೂರನೆಯ ದಿನದಿಂದ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಅದು ಮೀರಿ ಉಳಿದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರದಿದ್ದರೆ, ಮಗು ಬೇಡವೆನಿಸಿದರೆ ಖಿನ್ನತೆಗೆ ಚಿಕಿತ್ಸೆ ಬೇಕು. ಎಡಿನ್‌ಬರೊ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆ ಇದೆ, ಅದು ಕನ್ನಡದಲ್ಲೂ ಇದೆ. ಸಾಯುವ ಮಾತು, ಮಗುವಿಗೆ ಏನಾದರೂ ಮಾಡುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮಲ್ಲಿರುವ ಓದುಗರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗವೇ ಇದೆ. ನಾಲ್ಕಾರು ಕ್ಯಾಪ್ಸೂಲ್ ನಂಬಿಕೊಂಡು ಈ ಚಿಕಿತ್ಸೆ ತಡವಾಗುವುದೇ ನಮಗೆ ದೊಡ್ಡ ಆತಂಕ.

ಪ್ರಶ್ನೆ: ನಮ್ಮ ಹಸು ಕರು ಹಾಕಿದಾಗ ಸತ್ತೆ (ಹಸುವಿನ ಮಾಸು) ತಿನ್ನಲು ಹೋಗುತ್ತದೆ. ಹುಲ್ಲು ತಿನ್ನುವ ಪ್ರಾಣಿಯೇ ತಿನ್ನುವಾಗ ಮನುಷ್ಯರಿಗೂ ಅದು ಸಹಜ ಅಲ್ಲವೇ?
– ಹೈನುಗಾರರು, ಹಾಸನ

ಉತ್ತರ: ಬಹುತೇಕ ಸಸ್ತನಿಗಳು ತಿನ್ನುತ್ತವೆ, ನಿಜ. ಒಂಟೆ ತಿನ್ನುವುದಿಲ್ಲ. ಇಲಿಗಳಲ್ಲಿ ಅದು ನೋವು ತಗ್ಗಿಸಲು ನೆರವಾಗುತ್ತದೆ ಎಂಬುದು ಪ್ರಯೋಗದಲ್ಲಿ ಕಂಡಿದೆ. ಮನುಷ್ಯರ ವಿಷಯ ಬೇರೆ. 179 ಸಮಾಜಗಳ ದಾಖಲೆಗಳನ್ನು ಶೋಧಿಸಿದ ಮಾನವಶಾಸ್ತ್ರಜ್ಞರಿಗೆ, ಬಾಣಂತಿ ತನ್ನ ಮಾಸನ್ನು ತಿನ್ನುವ ಪದ್ಧತಿ ಎಲ್ಲೂ ಸಿಗಲಿಲ್ಲ. ಚೀನೀ ವೈದ್ಯದಲ್ಲಿ ಒಣಗಿಸಿದ ಮಾಸು ಬಳಕೆಯಲ್ಲಿತ್ತು, ಆದರೆ ಅದು ಬೇರೆ ರೋಗಿಗಳ ಮದ್ದು. 2015ರಲ್ಲಿ ಚೀನಾದ ಅಧಿಕೃತ ಔಷಧಕೋಶವೂ ಅದನ್ನು ಕೈಬಿಟ್ಟಿತು. ಹಸುವಿನ ಬಾಯಿಗೆ ಸತ್ತೆ ಸಿಗದಂತೆ ನೀವು ನೋಡಿಕೊಳ್ಳುವುದು ಸರಿ. ಅಗಿಯದೆ ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಮಾಸನ್ನು ಹಿತ್ತಲಲ್ಲಿ ಹೂಳುವುದು ನಮ್ಮ ಮನೆ ಪದ್ಧತಿ. ಆಸ್ಪತ್ರೆಯವರು ಕೊಡಲಿಲ್ಲ. ಅವರು ಅದನ್ನು ಏನು ಮಾಡುತ್ತಾರೆ?
– ಓದುಗರು, ಗದಗ

ಉತ್ತರ: ಮೊದಲು ನೋಡುತ್ತಾರೆ. ಅರ್ಧ ಕಿಲೋದಷ್ಟು ತೂಗುವ ಮಾಸನ್ನು ಟ್ರೇನಲ್ಲಿ ಹರಡಿ, ಗರ್ಭಕೋಶಕ್ಕೆ ಅಂಟಿದ್ದ ಕೆಂಪು ಬದಿಯನ್ನು ಮೇಲೆ ಮಾಡುತ್ತಾರೆ. ಅಲ್ಲಿ ಹದಿನೈದು ಇಪ್ಪತ್ತು ಹೋಳುಗಳಿರುತ್ತವೆ. ಅಂಗೈಯಲ್ಲಿ ಕೂಡಿಸಿ ಹಿಡಿದಾಗ ಒಂದಕ್ಕೊಂದು ಹೊಂದಿಕೊಳ್ಳಬೇಕು. ನಡುವೆ ಹಳ್ಳ ಕಂಡರೆ ಚೂರು ಒಳಗೇ ಉಳಿದಿದೆ ಎಂದು ಅರ್ಥ. ಅದನ್ನು ತೆಗೆಯದಿದ್ದರೆ ರಕ್ತಸ್ರಾವ, ಸೋಂಕು ಆಗುತ್ತದೆ. ಹೊಕ್ಕುಳಬಳ್ಳಿಯ ಕತ್ತರಿಸಿದ ತುದಿಯಲ್ಲಿ ಮೂರು ರಕ್ತನಾಳ ಇವೆಯೇ ಎಂದೂ ಎಣಿಸುತ್ತಾರೆ. ಆಮೇಲೆ ಅದು ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಸುಡಬೇಕು. ಸುಡುವ ವ್ಯವಸ್ಥೆ ಇಲ್ಲದ ದೂರದ ಹಳ್ಳಿಗಳಲ್ಲಿ ಆಳವಾದ ಗುಂಡಿಯಲ್ಲಿ ಹೂಳುತ್ತಾರೆ.

ಪ್ರಶ್ನೆ: ವಿದೇಶದಲ್ಲಿದ್ದೇನೆ. ಐದು ದಿನದಿಂದ ಮಾಸಿನ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಮಗುವಿಗೆ ಎಂಟು ದಿನ. ಈಗ ಭಯವಾಗುತ್ತಿದೆ.
– ಓದುಗರು

ಉತ್ತರ: ಇವತ್ತೇ ನಿಲ್ಲಿಸಿ, ಎದೆಹಾಲು ನಿಲ್ಲಿಸಬೇಡಿ. ಮಗುವನ್ನು ಎತ್ತಿಕೊಳ್ಳುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದರೆ, 35.5ಕ್ಕಿಂತ ಕಡಿಮೆ ಇದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಚೀಪುವುದು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ. ಕ್ಯಾಪ್ಸೂಲ್ ವಿಷಯವನ್ನು ಅವರು ಕೇಳುವ ಮೊದಲೇ ನೀವೇ ಹೇಳಿ. ಒರೆಗಾನ್‌ನಲ್ಲಿ ಅದು ವೈದ್ಯರಿಗೆ ತಿಳಿದದ್ದು ಮಗು ಎರಡನೆಯ ಸಲ ಆಸ್ಪತ್ರೆ ಸೇರಿದ ಮೇಲೆ. ಉಳಿದ ಕ್ಯಾಪ್ಸೂಲ್ ಎಸೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೇಲೆ ತಾರೀಖು ಬರೆದು, ಫ್ರಿಜ್‌ನಲ್ಲಿ ತಿನ್ನುವ ಪದಾರ್ಥಗಳಿಂದ ದೂರವಿಡಿ. ಮಗುವಿಗೆ ಸೋಂಕು ಕಂಡರೆ ಪ್ರಯೋಗಾಲಯದವರಿಗೆ ಅದು ಬೇಕಾಗುತ್ತದೆ.