ಹೊಲಿದ ಫೋಟೊ ಹರಿಯುವುದು, ಮಡಿಕೆಯಲ್ಲಿ ಬಣ್ಣ ಉದುರುವುದು

ಶಸ್ತ್ರಚಿಕಿತ್ಸೆಯ ಕಲೆಗಳ ಫೋಟೊ ಮೇಲೆ ಕೆಂಪು ದಾರದಲ್ಲಿ ಹೊಲಿದು ಮಡಿಕೆಪುಸ್ತಕ (ಹಿಂದೆ-ಮುಂದೆ ಮಡಚಿದ ಉದ್ದ ಹಾಳೆಯ ಪುಸ್ತಕ) ಮಾಡ್ತಿದ್ದೀರಿ, ಹೊಲಿಗೆಯುದ್ದಕ್ಕೂ ಕಾಗದ ಹರಿಯುತ್ತೆ, ಮಡಿಕೆಯಲ್ಲಿ ಬಣ್ಣ ಉದುರುತ್ತೆ ಅಂದಿರಿ. ಎರಡಕ್ಕೂ ಕಾರಣ ಬೇರೆ.

ತೂತುಗಳು 2 ಮಿಮೀ ಅಂತರದಲ್ಲಿದ್ದರೆ ಅಂಚೆಚೀಟಿಯ ಅಂಚಿನ ಹಾಗೆ ಹರಿಯಲೇಬೇಕು. 5 ಮಿಮೀ ಬಿಡಿ. ಥರ್ಮಕೋಲ್ ಮೇಲಿಟ್ಟು ಚಿತ್ರದ ಕಡೆಯಿಂದಲೇ ಮೊದಲು ಎಲ್ಲ ತೂತು ಚುಚ್ಚಿ, ಆಮೇಲೆ ಹೊಲಿಯಿರಿ. ದಾರವನ್ನು ಮೇಲಕ್ಕೆ ಜಗ್ಗಬೇಡಿ, ಕಾಗದಕ್ಕೆ ಒರಗಿಸಿ ಎಳೆಯಿರಿ. ಕೌದಿಗೆ ಹಾಕುವಂಥ ಸಾದಾ ಹೊಲಿಗೆ ಸಾಕು. ಹಿಂಬದಿಗೆ ತೆಳು ಜಪಾನಿ ಕಾಗದವನ್ನು ಗಟ್ಟಿ ಮೈದಾ ಅಂಟಿನಲ್ಲಿ ಹಚ್ಚುವುದಾದರೆ ಹೊಲಿಯುವ ಮೊದಲೇ ಹಚ್ಚಿ, ಭಾರವಿಟ್ಟು ರಾತ್ರಿಯಿಡೀ ಒಣಗಿಸಿ. ಹೊಲಿದ ಮೇಲೆ ಹಚ್ಚಿದರೆ ಕೆಂಪು ದಾರ ಒದ್ದೆಯಾಗಿ ಬಣ್ಣ ಬಿಟ್ಟು, ಬಿಳಿ ಅಂಚಿನ ತುಂಬ ಗುಲಾಬಿ ಕಲೆ. (ಅದೇ ಬೇಕಿದ್ದರೆ ಸರಿ!)

ಮಡಿಕೆ ಬಿರಿಯುವುದು ಸಾಮಾನ್ಯವಾಗಿ ಕಾಗದದ ನಾರು ಸಾಗಿರುವ ದಿಕ್ಕಿಗೆ ಅಡ್ಡ ಮಡಚಿದ್ದರಿಂದ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಮಡಿಕೆ ಬರಲಿ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ ಮಡಚಿ. ಹೊಳಪು ಕಾಗದ ಬೇಡ, 180–200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮ್ಯಾಟ್ ಸಾಕು. ಚಿತ್ರವನ್ನು ಮಡಿಕೆಯಿಂದ 8 ಮಿಮೀ ಆಚೆಗೇ ನಿಲ್ಲಿಸಿದರೆ ಉದುರಲು ಅಲ್ಲಿ ಬಣ್ಣವೇ ಇರುವುದಿಲ್ಲ.