ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಇಬ್ಬರು ಕುಲಸಚಿವರು (ರಿಜಿಸ್ಟ್ರಾರ್) ಏಕೆ? ಅಂಕಪಟ್ಟಿಯ ತಪ್ಪಿಗೆ ಯಾರ ಬಳಿ ಹೋಗಬೇಕು?

ಪರೀಕ್ಷಾಂಗ ಕುಲಸಚಿವರ ಕಚೇರಿಗೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ ಆಡಳಿತಕ್ಕೊಬ್ಬರು, ಮೌಲ್ಯಮಾಪನಕ್ಕೊಬ್ಬರು (ಇವರೇ ಪರೀಕ್ಷಾಂಗ ಕುಲಸಚಿವರು) ಕುಲಸಚಿವರು ಇರುತ್ತಾರೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಹೀಗೆಯೇ. ನೇಮಕಾತಿ, ಸಿಬ್ಬಂದಿ, ಸಿಂಡಿಕೇಟ್ (ವಿಶ್ವವಿದ್ಯಾನಿಲಯದ ಕಾರ್ಯಕಾರಿ ಮಂಡಳಿ) ಸಭೆಯ ಕಡತಗಳು ಆಡಳಿತದವರವು. ಪ್ರಶ್ನೆಪತ್ರಿಕೆ, ಫಲಿತಾಂಶ, ಮರುಮೌಲ್ಯಮಾಪನ, ಅಂಕಪಟ್ಟಿ ಎಲ್ಲವೂ ಪರೀಕ್ಷಾಂಗದ್ದು. ಲೆಕ್ಕಪತ್ರಕ್ಕೆ ಹಣಕಾಸು ಅಧಿಕಾರಿ ಬೇರೆ.

ಹೆಸರುಗಳೇ ಗೊಂದಲ ಹುಟ್ಟಿಸುತ್ತವೆ: ಕುಲಾಧಿಪತಿ ಎಂದರೆ ರಾಜ್ಯಪಾಲರು, ಕುಲಪತಿ ಎಂದರೆ ನಿತ್ಯದ ಆಡಳಿತದ ಮುಖ್ಯಸ್ಥರು. ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಕುಲಪತಿಗಳಿಗೇ ಅರ್ಜಿ ಬರೆದರೆ, ಅದು ಸುತ್ತಿ ಬಳಸಿ ಪರೀಕ್ಷಾಂಗಕ್ಕೇ ಬರುತ್ತದೆ. ನಾನೂ ಹಾಗೆ ಬರೆದವನೇ! ಸಂಯೋಜಿತ ಕಾಲೇಜಿನ ವಿದ್ಯಾರ್ಥಿಯಾದರೆ ಮೊದಲು ಪ್ರಾಂಶುಪಾಲರ ಮೂಲಕ ಅರ್ಜಿ ಕಳುಹಿಸಿ, ಹತ್ತನೇ ತರಗತಿಯ ಅಂಕಪಟ್ಟಿಯ ಪ್ರತಿ ಲಗತ್ತಿಸಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕೊಣಾಜೆಗೆ ಬಸ್ ಹತ್ತುವುದು ಆಮೇಲೆ.