42ನೇ ವಯಸ್ಸಿನಲ್ಲಿ ವಿಮಾನ ಹಾರಿಸೋದು ಕಲಿಯಬಹುದಾ?

ಪ್ರಶ್ನೆ: ನನಗೆ 42 ವರ್ಷ, ಗಂಗಾವತಿಯಲ್ಲಿ ರೈಸ್ ಮಿಲ್ ಇದೆ. ಚಿಕ್ಕಂದಿನಿಂದ ವಿಮಾನದ ಹುಚ್ಚು. ನೌಕರಿಗಲ್ಲ, ಸುಮ್ನೆ ನನ್ನ ಖುಷಿಗೆ ಹಾರಿಸೋದು ಕಲಿಯಬೇಕು ಅಂತ ಆಸೆ. ಕನ್ನಡಕ ಇದೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ ಇದೆಯಲ್ಲ, ಅಲ್ಲೇ ಕಲಿಯಬಹುದಾ? ಒಂದು ಕಡೆ ಪೂರ್ತಿ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದಿದ್ದಾರೆ. ಕಟ್ಟಲಾ?
– ಒಬ್ಬ ಓದುಗರು, ಗಂಗಾವತಿ

ಉತ್ತರ: ಕಲಿಯಬಹುದು. ಆದರೆ ಈಗಲೇ ದುಡ್ಡು ಕಟ್ಟಬೇಡಿ, ಒಟ್ಟಿಗಂತೂ ಬೇಡವೇ ಬೇಡ.

ಈ ವಿಷಯ ಮೊದಲು ಹೇಳೋದಕ್ಕೆ ಕಾರಣ ಇದೆ. ನಾನು ಕಲಿಯುವಾಗ ಇದೇ ತಪ್ಪು ಮಾಡಿದ್ದೆ. ಹಣ ಪೂರ್ತಿ ಕಟ್ಟಿ ಬಳ್ಳಾರಿಯಿಂದ ಬ್ಯಾಗ್ ಹಿಡಿದು ಹೋದರೆ, ಆ ಶಾಲೆಯ ಎರಡು ವಿಮಾನಗಳಲ್ಲಿ ಒಂದು ಬಿಡಿಭಾಗಕ್ಕೆ ಕಾಯುತ್ತಾ ನಿಂತಿತ್ತು, ಇನ್ನೊಂದಕ್ಕೆ ಹನ್ನೆರಡು ಜನ ಸಾಲು, ಹೀಗೆ ಆರು ವಾರ ನೆಲದ ಮೇಲೇ ಕಳೆದೆ. ಕೈ ಮರೆತು ಹೋಗಿತ್ತು. ಕಲಿತಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಕಲಿಯಬೇಕಾಯಿತು. ಅದಕ್ಕೇ ಹೇಳ್ತೀನಿ, ಐದು ಗಂಟೆ ಹಾರಾಟಕ್ಕೆ ಎಷ್ಟೋ ಅಷ್ಟೇ ಕಟ್ಟಿ, ಹಾರಿ, ಆಮೇಲೆ ಮುಂದಿನದ್ದು. ಶಾಲೆಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ. ವಿಮಾನ ನಿಲ್ಲಿಸುವ ಶೆಡ್, ಅಂದರೆ ಹ್ಯಾಂಗರ್ ಹತ್ತಿರ ಹೋಗಿ, ಕಳೆದ ವಾರ ವಿಮಾನ ಎಷ್ಟು ಗಂಟೆ ಹಾರಿದೆ ಅಂತ ಅಲ್ಲಿನ ಹುಡುಗರನ್ನೇ ಕೇಳಿ.

ನಿಮಗೆ ಬೇಕಾಗಿರೋದು ಪಿಪಿಎಲ್, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್. ಸಂಬಳಕ್ಕೆ ಹಾರಿಸುವವರ ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು, ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಬೇಕು. ಪಿಪಿಎಲ್‌ಗೆ 10ನೇ ಕ್ಲಾಸ್ ಪಾಸ್, ಕನಿಷ್ಠ 17 ವರ್ಷ, ಕನಿಷ್ಠ 40 ಗಂಟೆ ಹಾರಾಟ. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಸರಿಯಾಗಿ 40 ಗಂಟೆಗೇ ಮುಗಿಸುವವರು ಕಡಿಮೆ, ಹಾಗಾಗಿ ಲೆಕ್ಕ ಹಾಕುವಾಗ 50–60 ಗಂಟೆ ಅಂತಲೇ ಇಟ್ಟುಕೊಳ್ಳಿ. ಗಂಟೆಗೆ ಹತ್ತು ಸಾವಿರಕ್ಕಿಂತ ಜಾಸ್ತಿಯೇ ಆಗುತ್ತದೆ. ಸಾಲ ಮಾಡಿ, ಹೊಲ ಮಾರಿ ಮಾಡುವ ಹವ್ಯಾಸ ಇದಲ್ಲ, ದಯವಿಟ್ಟು.

ಕನ್ನಡಕದ ಚಿಂತೆ ಬೇಡ. ಕನ್ನಡಕ ಹಾಕಿದ ಮೇಲೆ ಸರಿಯಾಗಿ ಕಂಡರೆ ಆಯಿತು, ಬಣ್ಣ ಗುರುತಿಸಲು ಬರಬೇಕು. ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ, ಒಪ್ಪಿದ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್ ಅನ್ನೋ ಆರೋಗ್ಯ ಪರೀಕ್ಷೆ ಮಾಡಿಸಿ, ಬಿಪಿ, ಶುಗರ್ ಎಲ್ಲಾ ಅಲ್ಲೇ ಗೊತ್ತಾಗುತ್ತದೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. ಇಂಗ್ಲಿಷ್ ಮಾತ್ರ ತಪ್ಪಿಸೋಕೆ ಆಗಲ್ಲ, ಅದಕ್ಕೂ ಪರೀಕ್ಷೆ ಇದೆ. ಆದರೆ ರೇಡಿಯೋದಲ್ಲಿ ಆಡುವ ಮಾತು ಕಟ್ಟುನಿಟ್ಟು, ಚಿಕ್ಕದು. ನಿಲ್ದಾಣದ ಟವರ್‌ನಲ್ಲಿ ಕೂತು ವಿಮಾನಗಳಿಗೆ ಸೂಚನೆ ಕೊಡುವವರು ಹೇಳಿದ್ದನ್ನು ನೀವು ತಿರುಗಿ ಹೇಳಬೇಕು. ಮಿಲ್ಲಿನಲ್ಲಿ ಮೂಟೆ ಲೆಕ್ಕ ಕೂಗಿ ಒಪ್ಪಿಸುತ್ತಾರಲ್ವಾ, ಹಾಗೇ. ದಿನಾ ಅರ್ಧ ಗಂಟೆ ಬಾಯಿಬಿಟ್ಟು ಹೇಳಿದರೆ ಬರುತ್ತದೆ.

ತೋರಣಗಲ್ಲಿನ ನಿಲ್ದಾಣ ಜಿಂದಾಲ್ ಕಾರ್ಖಾನೆಯವರದು, 2017ರಲ್ಲಿ ಚಿಕ್ಕ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಡಿ ಅಲ್ಲಿಂದ ಪ್ರಯಾಣಿಕರ ವಿಮಾನ ಶುರುವಾಯಿತು. ಆದರೆ ರನ್‌ವೇ ಇದ್ದರೆ ಸಾಲದು, ಡಿಜಿಸಿಎ ಒಪ್ಪಿಗೆ ಪಡೆದ ತರಬೇತಿ ಸಂಸ್ಥೆ ಬೇಕು. ಬೆಂಗಳೂರಿನ ಜಕ್ಕೂರು 1948ರಿಂದ ಇದಕ್ಕೆ ಹೆಸರಾದ ಜಾಗ. ಕಲಬುರಗಿ ನಿಲ್ದಾಣಕ್ಕೂ ತರಬೇತಿ ಬಂದಿದೆ, ರಾಯಚೂರು ಕಡೆಯವರಿಗೆ ಅದು ಹತ್ತಿರ.

ಈಗ ನನಗೆ ಬಹಳ ಇಷ್ಟದ ವಿಷಯ, ನಮ್ಮ ಬಿಸಿಲು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಪ್ರೊಪೆಲ್ಲರ್‌ಗೂ ಅಷ್ಟೇ. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ 1,000 ಅಡಿಗೆ 2 ಡಿಗ್ರಿ ಕಡಿಮೆ ಅಂತ ಪೈಲಟ್‌ಗಳು ಲೆಕ್ಕ ಇಟ್ಟಿರುತ್ತಾರೆ. ಅದಕ್ಕಿಂತ ಜಾಸ್ತಿಯಾದ ಒಂದೊಂದು ಡಿಗ್ರಿಗೂ ಊರಿನ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಬೇಕು. 1,500 ಅಡಿ ಎತ್ತರದ ಊರಿನಲ್ಲಿ ಲೆಕ್ಕದ ಪ್ರಕಾರ 12 ಡಿಗ್ರಿ ಇರಬೇಕು, ಏಪ್ರಿಲ್ ಮಧ್ಯಾಹ್ನ 40 ಇದೆ ಅಂದುಕೊಳ್ಳಿ, 28 ಡಿಗ್ರಿ ಜಾಸ್ತಿ ಆಯಿತು, ಅಂದರೆ ನೆಲದ ಮೇಲೆ ನಿಂತಿರುವಾಗಲೇ ವಿಮಾನ ಸುಮಾರು 5,000 ಅಡಿ ಎತ್ತರದಲ್ಲಿ ಇದ್ದ ಹಾಗೆ ನಡೆದುಕೊಳ್ಳುತ್ತದೆ. ಮೇಲೇಳೋಕೆ ಜಾಸ್ತಿ ದೂರ ಓಡಬೇಕು. ಎದ್ದ ಮೇಲೂ ನಿಧಾನಕ್ಕೆ ಏರುತ್ತದೆ.

ಇನ್ನೊಂದು ಇದೆ. ಮಧ್ಯಾಹ್ನ ರೆಕ್ಕೆ ಬಡಿಯದೇ ಸುತ್ತುತ್ತಾ ಸುತ್ತುತ್ತಾ ಮೇಲೆ ಹೋಗುವ ಹದ್ದನ್ನು ನೋಡಿ. ಅದು ಏರುತ್ತಿರುವ ಬಿಸಿಗಾಳಿಯ ಮೇಲೆ ಕೂತಿದೆ, ಅದನ್ನು ಥರ್ಮಲ್ ಅಂತಾರೆ. ಒಣಗಿದ ಎರೆ ಹೊಲ ಬೇಗ ಕಾಯುತ್ತದೆ, ನೀರು ನಿಂತ ನಿಮ್ಮ ಭತ್ತದ ಗದ್ದೆ ಅಷ್ಟು ಕಾಯುವುದಿಲ್ಲ. ಒಂದರ ಮೇಲೆ ಗಾಳಿ ಎತ್ತುತ್ತದೆ, ಇನ್ನೊಂದರ ಮೇಲೆ ಇಳಿಸುತ್ತದೆ, ಚಿಕ್ಕ ವಿಮಾನ ಕೆಟ್ಟ ರಸ್ತೆಯಲ್ಲಿ ಟಂಟಂ ಹೋದ ಹಾಗೆ ಕುಲುಕುತ್ತದೆ. ಮೊದಲ ಸಲ ಎದೆ ಝಲ್ ಅನ್ನುತ್ತದೆ. ಆದರೆ ಹೊಲ ಕಪ್ಪಗೆ ಕಂಡಾಗಲೇ "ಈಗ ಎತ್ತುತ್ತೆ" ಅಂತ ನಿಮ್ಮ ಕೈ ತಯಾರಾಗಿರುತ್ತದಲ್ಲ, ಆ ಖುಷಿಗೇ ನಾನು ಈಗಲೂ ಹಾರುತ್ತೇನೆ.

ಹಾಗಾಗಿ ನವೆಂಬರ್‌ನಿಂದ ಫೆಬ್ರವರಿ ಒಳಗೆ, ಬೆಳಿಗ್ಗೆ ಬೇಗ, ಒಂದೇ ಒಂದು ಪರಿಚಯ ಹಾರಾಟ ಮಾಡಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಹಾರುವ ಮೊದಲು ಪೈಲಟ್ ಟ್ಯಾಂಕಿನಿಂದ ಇಂಧನ ತೆಗೆದು ನೀರು ಸೇರಿದೆಯಾ ಅಂತ ನೋಡೋದು, ರೆಕ್ಕೆ ಮುಟ್ಟಿ ಮುಟ್ಟಿ ಪರೀಕ್ಷಿಸೋದು, ಎಲ್ಲಾ ಅವರ ಕಣ್ಣಿಗೂ ಬೀಳಲಿ. ಇಳಿದ ಮೇಲೂ ಆಸೆ ಹಾಗೇ ಇದ್ದರೆ ಐದು ಗಂಟೆಯ ಫೀಸು ಕಟ್ಟಿ.

ಪ್ರಶ್ನೆ: ಮಾನ್ವಿ ಹತ್ತಿರ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. 8ನೇ ಕ್ಲಾಸಿನ ಒಬ್ಬ ಹುಡುಗಿಗೆ ವಿಮಾನ ಅಂದರೆ ಪ್ರಾಣ. ದುಡ್ಡಿಲ್ಲದ ಮನೆ. ಅವಳಿಗೆ ಏನು ಹೇಳಲಿ?

ಉತ್ತರ: ಟೀಚರ್, ಆಗಲ್ಲ ಅಂತ ಮಾತ್ರ ಹೇಳಬೇಡಿ. 1936ರಲ್ಲೇ ಸರಳಾ ಠಕ್ರಾಲ್ 21ನೇ ವಯಸ್ಸಿನಲ್ಲಿ ಜಿಪ್ಸಿ ಮಾತ್ ವಿಮಾನ ಹಾರಿಸಿ ಲೈಸೆನ್ಸ್ ಪಡೆದರು, ಆಗ ಅವರಿಗೆ ಪುಟ್ಟ ಮಗಳಿದ್ದಳು. ಇವಳಿಗೆ ಇನ್ನೂ ಟೈಮ್ ಇದೆ, ವಿದ್ಯಾರ್ಥಿ ಪೈಲಟ್ ಲೈಸೆನ್ಸ್‌ಗೇ 16 ವರ್ಷ ಆಗಿರಬೇಕು. ಮುಂದೆ ಕಾಲೇಜು ಹುಡುಕುವಾಗ ಎನ್‌ಸಿಸಿ ಏರ್ ವಿಂಗ್ ಇದೆಯಾ ನೋಡಿ, ಅಲ್ಲಿ ಕೆಡೆಟ್‌ಗಳಿಗೆ ಮೈಕ್ರೋಲೈಟ್ ಅನ್ನೋ ತುಂಬಾ ಹಗುರ ವಿಮಾನದಲ್ಲಿ ಹಾರುವ ಅವಕಾಶ ಇರುತ್ತದೆ.

ಸದ್ಯಕ್ಕೆ ಕ್ಲಾಸಿನಲ್ಲೇ ಒಂದು ಮಾಡಿಸಿ. ಕಾಗದದ ವಿಮಾನದ ಬಾಲಕ್ಕೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ ಬಿಡಲಿ. ಮೂಗು ಎತ್ತಿ, ವೇಗ ಕಳೆದುಕೊಂಡು, ದಪ್ಪನೆ ಬೀಳುತ್ತದೆ. ಪೈಲಟ್‌ಗಳು ಇದಕ್ಕೆ ಸ್ಟಾಲ್ ಅಂತಾರೆ. ಆಮೇಲೆ ಅದೇ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿ, ಸ್ವಲ್ಪ ಸ್ವಲ್ಪ ಹಿಂದೆ ಸರಿಸುತ್ತಾ, ಎಲ್ಲಿಟ್ಟರೆ ಚೆನ್ನಾಗಿ ತೇಲುತ್ತದೆ ಅಂತ ಅವಳೇ ಕಂಡುಹಿಡಿಯಲಿ. ಪ್ರತಿ ಸಲ ಎಷ್ಟು ಹೆಜ್ಜೆ ದೂರ ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಸಿ. ಪೈಲಟ್‌ಗಳು ತಮ್ಮ ಹಾರಾಟದ ಲೆಕ್ಕ ಬರೆದಿಡುವ ಪುಸ್ತಕಕ್ಕೆ ಲಾಗ್‌ಬುಕ್ ಅಂತಾರೆ. ಅದೇ ಅವಳ ಮೊದಲ ಲಾಗ್‌ಬುಕ್.